ಸಂದಿನಲ್ಲಿ ಸೋರಿದ ಗಾಳಿ

ಮೂರು ವರ್ಷದ ಹಿಂದೆ, ಮಳೆಗಾಲ ಮುಗಿಯುತ್ತ ಬಂದಿದ್ದ ಹೊತ್ತಿನಲ್ಲಿ, ಶಿರಾಡಿ ಘಾಟಿ ಹತ್ತುವಾಗ ನನ್ನ ಹಳೆಯ ಡೀಸೆಲ್ ಕಾರು ಬಸವಳಿಯಿತು. ಅದು ನಿಲ್ಲಲಿಲ್ಲ, ಕೆಟ್ಟ ಸದ್ದನ್ನೂ ಮಾಡಲಿಲ್ಲ. ಸಮತಟ್ಟು ರಸ್ತೆಯಲ್ಲಿ ಎಂದಿನಂತೆ ಓಡುತ್ತಿದ್ದದ್ದು ಏರು ಬಂದೊಡನೆ ಎರಡನೇ ಗೇರಿಗೆ ಇಳಿಸಿಕೊಳ್ಳುತ್ತಿತ್ತು. ಕನ್ನಡಿಯಲ್ಲಿ ನೋಡಿದರೆ ಹಿಂದೆ ಕಪ್ಪು ಹೊಗೆ. ಊರಿಗೆ ಬಂದು ತೋರಿಸಿದ ಮೊದಲ ಗ್ಯಾರೇಜಿನವರು ಬಾನೆಟ್ ಎತ್ತಿ, ಎರಡು ನಿಮಿಷ ಇಂಜಿನ್ ಓಡಿಸಿ, “ಟರ್ಬೊ ಹೋಗಿದೆ ಸರ್, ಹೊಸದು ಹಾಕ್ಬೇಕು” ಎಂದರು. ಅವರು ಹೇಳಿದ ಮೊತ್ತ ನನ್ನ ಎರಡು ತಿಂಗಳ ಸಂಬಳದಷ್ಟಿತ್ತು.

ಗೆಳೆಯನೊಬ್ಬನ ಮಾತು ಕೇಳಿ ಹಾಸನದ ಹೊರಗಿನ ಒಂದು ತಗಡಿನ ಶೆಡ್ಡಿಗೆ ಕಾರು ಒಯ್ದೆ. ಅಲ್ಲಿದ್ದ ಹಿರಿಯ ಮೆಕ್ಯಾನಿಕ್ ನನ್ನ ಕಥೆಯನ್ನೆಲ್ಲ ಕೇಳಿಸಿಕೊಂಡರು. ಆಮೇಲೆ ಒಳಗೆ ಹೋಗಿ ನೀರಿನ ಪೈಪಿನ ತುದಿಗೆ ಹಾಕುವ ಪಿವಿಸಿ ಮುಚ್ಚಳವೊಂದನ್ನು ತಂದರು. ಅದರ ನಡುವೆ ತೂತು ಕೊರೆದು ಟಯರಿನ ವಾಲ್ವ್ ಕೂರಿಸಿದ್ದರು. “ಟರ್ಬೊ ಹೋಗಿದೆ ಅನ್ನೋದು ಸುಲಭ ಸರ್. ಮೊದ್ಲು ಗಾಳಿ ಎಲ್ಲಿಗೆ ಹೋಗ್ತಿದೆ ಅಂತ ನೋಡೋಣ” ಎಂದರು.

ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳುವ ನನಗೆ ಆ ಮಾತು ಕೇಳಿದ ಕೂಡಲೇ ನೆನಪಾದದ್ದು ಕಾರುಗಳಲ್ಲ, ಹದಿನೇಳನೇ ಶತಮಾನ. ಗಾಳಿಯನ್ನು ಒಂದು ಪಾತ್ರೆಯಲ್ಲಿ ಹಿಡಿದಿಡಲು, ಇಲ್ಲವೇ ಪಾತ್ರೆಯಿಂದ ಪೂರ್ತಿ ಹೊರಹಾಕಲು ಮನುಷ್ಯ ಮಾಡಿದ ಪ್ರಯತ್ನಗಳೆಲ್ಲ ಇದೇ ಪ್ರಶ್ನೆಗೆ ಬಂದು ನಿಂತಿದ್ದವು. ಯಂತ್ರದಲ್ಲಿ ಸೋರಿಕೆ ಕಂಡಾಗ ನಾವು ಯಂತ್ರವನ್ನೇ ಬೇಡವೆನ್ನುತ್ತೇವೆಯೋ, ಸೋರುವ ಸಂದನ್ನು ಹುಡುಕುತ್ತೇವೆಯೋ? ಟರ್ಬೊ ಇಂಜಿನ್ನಿನ ಚರಿತ್ರೆಯನ್ನು ಈ ಪ್ರಶ್ನೆಯ ಬೆನ್ನು ಹಿಡಿದು ಓದಬಹುದು. ಆದರೆ ಅದಕ್ಕೆ ಕಾರು ಹುಟ್ಟುವುದಕ್ಕೂ ಇನ್ನೂರು ವರ್ಷಕ್ಕಿಂತ ಹಿಂದೆ ಹೋಗಬೇಕು.

ಜರ್ಮನಿಯ ಮಾಗ್ಡೆಬರ್ಗ್ ಊರಿನ ಮೇಯರ್ ಆಗಿದ್ದ ಒಟ್ಟೊ ಫಾನ್ ಗೆರಿಕೆ 1650ರ ಸುಮಾರಿಗೆ ಏನೂ ಇಲ್ಲದ ಬರಿದನ್ನು, ಅಂದರೆ ನಿರ್ವಾತವನ್ನು, ಮಾಡಿ ತೋರಿಸಲು ಹೊರಟ. ಒಂದು ಮರದ ಪೀಪಾಯಿಗೆ ನೀರು ತುಂಬಿ, ಬಿಗಿಯಾಗಿ ಮುಚ್ಚಿ, ಕೆಳಗಿನಿಂದ ಪಂಪು ಹಚ್ಚಿ ನೀರನ್ನು ಎಳೆಸಿದ. ನೀರು ಹೊರಬಂದರೆ ಒಳಗೆ ಉಳಿಯುವುದು ಬರಿದು ಎಂಬುದು ಅವನ ಲೆಕ್ಕ. ಗಟ್ಟಿ ಆಳುಗಳು ಕೊಂತವನ್ನು ಎಳೆಯುತ್ತಿದ್ದಂತೆ ಪೀಪಾಯಿಯೊಳಗೆ ನೀರು ಕುದಿಯುವಂಥ ಸದ್ದು ಕೇಳತೊಡಗಿತು. ಮರದ ಸೂಕ್ಷ್ಮ ರಂಧ್ರಗಳಿಂದ ಗಾಳಿ ಒಳನುಗ್ಗುತ್ತಿತ್ತು. ಸಣ್ಣ ಪೀಪಾಯಿಯನ್ನು ನೀರು ತುಂಬಿದ ದೊಡ್ಡ ಪೀಪಾಯಿಯೊಳಗೆ ಇಟ್ಟು ಮತ್ತೆ ನೋಡಿದ. ಈ ಸಲ ಹಕ್ಕಿ ಚಿಲಿಪಿಲಿಗುಟ್ಟುವಂಥ ಸಣ್ಣ ಸದ್ದು. ಕಿವಿಗೊಟ್ಟು ಕೇಳಿ ಅವನು ತಿಳಿದುಕೊಂಡದ್ದು ಇಷ್ಟು: ಮರ ಈ ಕೆಲಸಕ್ಕೆ ಆಗದು. ಹಾಗಾಗಿ ತಾಮ್ರದ ಗೋಳಕ್ಕೆ ಹೋದ. ಮೊದಲ ಗೋಳ ಹೊರಗಿನ ಗಾಳಿಯ ಭಾರಕ್ಕೆ ಭಾರೀ ಸದ್ದು ಮಾಡಿ ನಜ್ಜುಗುಜ್ಜಾಯಿತು. ಇನ್ನೂ ಸರಿಯಾಗಿ ದುಂಡಗೆ ಮಾಡಿಸಿದ ಗೋಳ ತಡೆದು ನಿಂತಿತು.

ಅವನ ಹೆಸರು ಇಂದಿಗೂ ಪಠ್ಯಪುಸ್ತಕದಲ್ಲಿರುವುದು ಎರಡು ಅರ್ಧಗೋಳಗಳನ್ನು ಜೋಡಿಸಿ, ಗಾಳಿ ತೆಗೆದು, ಎರಡೂ ಕಡೆ ಕುದುರೆ ಕಟ್ಟಿ ಎಳೆಸಿದ ಪ್ರಯೋಗದಿಂದ. ಚಿತ್ರದಲ್ಲಿ ಎಲ್ಲರೂ ನೋಡುವುದು ಕುದುರೆಗಳನ್ನು. ಆದರೆ ಆ ಎರಡು ಅರ್ಧಗೋಳಗಳ ನಡುವೆ ಮೇಣ ಮತ್ತು ಟರ್ಪೆಂಟೈನಿನಲ್ಲಿ ನೆನೆಸಿದ ಚರ್ಮದ ಬಳೆಯೊಂದಿತ್ತು. ಅದು ಇಲ್ಲದಿದ್ದರೆ ಕುದುರೆ ಕಟ್ಟುವ ಅಗತ್ಯವೇ ಬೀಳುತ್ತಿರಲಿಲ್ಲ, ಕೈಯಲ್ಲೇ ಬಿಚ್ಚಬಹುದಿತ್ತು. ಇಂದು ಗ್ಯಾರೇಜಿನಲ್ಲಿ ಗ್ಯಾಸ್ಕೆಟ್ ಎನ್ನುವುದು ಇದನ್ನೇ.

ಗೆರಿಕೆಯ ಸುದ್ದಿ ಇಂಗ್ಲೆಂಡಿಗೆ ಮುಟ್ಟಿದಾಗ ಆಕ್ಸ್‌ಫರ್ಡಿನಲ್ಲಿದ್ದ ರಾಬರ್ಟ್ ಬಾಯ್ಲ್ ಇನ್ನೂ ಒಳ್ಳೆಯ ಪಂಪು ಬೇಕೆಂದು ಹೊರಟ. ಅದನ್ನು ಕಟ್ಟಿಕೊಟ್ಟವನು ಅವನ ಸಹಾಯಕ ರಾಬರ್ಟ್ ಹುಕ್. ಮೇಲೆ ದೊಡ್ಡ ಗಾಜಿನ ಬುರುಡೆ, ಕೆಳಗೆ ಹಿತ್ತಾಳೆಯ ಸಿಲಿಂಡರು, ಅದರೊಳಗೆ ಚರ್ಮ ಸುತ್ತಿದ ಕೊಂತ. 1660ರಲ್ಲಿ ಬಾಯ್ಲ್ ತನ್ನ ಪ್ರಯೋಗಗಳನ್ನು ಪುಸ್ತಕವಾಗಿ ತಂದ. ಗಾಳಿಗೆ ಸ್ಪ್ರಿಂಗಿನಂಥ ಗುಣವಿದೆ, ಒತ್ತಿದರೆ ಕುಗ್ಗುತ್ತದೆ, ಬಿಟ್ಟರೆ ಹಿಗ್ಗುತ್ತದೆ, ಕುರಿಯ ಉಣ್ಣೆಯ ರಾಶಿಯ ಹಾಗೆ ಎಂದು ಅದರಲ್ಲಿ ವಿವರಿಸಿದ. ಪಂಪು ಸೋರುತ್ತದೆ, ಬುರುಡೆಯನ್ನು ಪೂರ್ತಿ ಬರಿದು ಮಾಡಿ ಇಟ್ಟುಕೊಳ್ಳಲಾಗದು ಎಂಬುದನ್ನೂ ಮುಚ್ಚಿಡದೆ ಬರೆದ.

ಆ ಮಾತನ್ನೇ ಹಿಡಿದುಕೊಂಡವನು ಥಾಮಸ್ ಹಾಬ್ಸ್, ‘ಲೆವಿಯಾಥನ್’ ಬರೆದ ಅದೇ ರಾಜಕೀಯ ಚಿಂತಕ. ಜಗತ್ತಿನಲ್ಲಿ ಬರಿದಾದ ಜಾಗವೇ ಇಲ್ಲ ಎಂಬುದು ಅವನ ನಿಲುವು. 1661ರಲ್ಲಿ ಅವನು ಬರೆದ ಪ್ರತಿವಾದದ ತಿರುಳು ಇದು: ಚರ್ಮಕ್ಕೂ ಸಿಲಿಂಡರಿಗೂ ನಡುವಿನ ಸಂದಿನಿಂದ ಗಾಳಿ ಒಳಗೆ ಹೋಗುತ್ತಿದೆ, ಆದ್ದರಿಂದ ಈ ಯಂತ್ರ ಏನನ್ನೂ ರುಜುವಾತು ಮಾಡುವುದಿಲ್ಲ. ಸ್ಟೀವನ್ ಶೇಪಿನ್ ಮತ್ತು ಸೈಮನ್ ಶಾಫರ್ ಎಂಬ ಇಬ್ಬರು ಚರಿತ್ರಕಾರರು 1985ರಲ್ಲಿ ಈ ಜಗಳದ ಮೇಲೆಯೇ ಒಂದು ದೊಡ್ಡ ಪುಸ್ತಕ ಬರೆದಿದ್ದಾರೆ. ವಿಜ್ಞಾನದ ಚರಿತ್ರೆ ಓದುವ ವಿದ್ಯಾರ್ಥಿಗಳು ಅದನ್ನು ತಪ್ಪಿಸಿಕೊಳ್ಳಲಾರರು.

ಬಾಯ್ಲ್ ಹಾಬ್ಸನಿಗೆ ಪುಸ್ತಕದಲ್ಲಿ ಉತ್ತರ ಕೊಟ್ಟದ್ದುಂಟು. ನನಗೆ ಹೆಚ್ಚು ಇಷ್ಟವಾದದ್ದು ಅವನ ಪಂಪು ಕೊಟ್ಟ ಉತ್ತರ. ಮುಂದೆ ಅವನು ಪಂಪನ್ನೇ ಬದಲಾಯಿಸಿದ. ಸಿಲಿಂಡರು ಮತ್ತು ಕೊಂತವನ್ನು ನೀರಿನೊಳಗೆ ಮುಳುಗಿಸಿ ಇಟ್ಟ. ಹಾಗಿದ್ದರೆ ಸಂದಿನಲ್ಲಿ ನುಸುಳುವುದಕ್ಕೆ ಸುತ್ತ ಗಾಳಿಯೇ ಇಲ್ಲ. ನಮ್ಮ ಪಂಕ್ಚರ್ ಅಂಗಡಿಯವನು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದುವಾಗ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಒಬ್ಬನದು ಸೋರಿಕೆ ತಡೆಯುವ ನೀರು, ಇನ್ನೊಬ್ಬನದು ಸೋರಿಕೆ ತೋರಿಸುವ ನೀರು. ಇಬ್ಬರೂ ಕಣ್ಣಿಗೆ ಕಾಣದ ಗಾಳಿಯನ್ನು ಕಾಣುವ ನೀರಿನ ಮೂಲಕ ವಿಚಾರಿಸುತ್ತಾರೆ.

ಇಲ್ಲಿಂದ ಟರ್ಬೊಗೆ ಬರೋಣ. ಇಂಜಿನ್ನಿನಲ್ಲಿ ಇಂಧನ ಉರಿಯಲು ಗಾಳಿ ಬೇಕು. ಹೆಚ್ಚು ಗಾಳಿ ಕೊಟ್ಟರೆ ಹೆಚ್ಚು ಇಂಧನ ಉರಿಸಬಹುದು, ಅಷ್ಟೇ ಗಾತ್ರದ ಇಂಜಿನ್ನಿನಿಂದ ಹೆಚ್ಚು ಶಕ್ತಿ ಪಡೆಯಬಹುದು. ಹೊಗೆಕೊಳವೆಯಲ್ಲಿ ವ್ಯರ್ಥವಾಗಿ ಹೋಗುವ ಬಿಸಿ ಅನಿಲದಿಂದ ಒಂದು ಚಕ್ರ ತಿರುಗಿಸಿ, ಅದೇ ದಂಡಕ್ಕೆ ಕೂರಿಸಿದ ಇನ್ನೊಂದು ಚಕ್ರದಿಂದ ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುವ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದ. ಅದು ಹಡಗುಗಳ ದೊಡ್ಡ ಡೀಸೆಲ್ ಇಂಜಿನ್ನುಗಳಲ್ಲಿ ನೆಲೆಯಾಗಿ ಕೆಲಸಕ್ಕೆ ಬರುವ ಹೊತ್ತಿಗೆ 1920ರ ದಶಕ ಅರ್ಧ ಕಳೆದಿತ್ತು.

ಈ ನಡುವೆ ಒಂದನೇ ಮಹಾಯುದ್ಧದ ವಿಮಾನಗಳು ಇನ್ನೊಂದು ಸಮಸ್ಯೆ ತಂದಿದ್ದವು. ಮೇಲೇರಿದಂತೆ ಗಾಳಿ ತೆಳುವಾಗುತ್ತದೆ, ಇಂಜಿನ್ನು ಸೊರಗುತ್ತದೆ. ಫ್ರಾನ್ಸಿನ ಒಗ್ಯುಸ್ತ್ ರಾತೊ ವಿಮಾನದ ಇಂಜಿನ್ನಿಗೆ ಟರ್ಬೊ ಕೂರಿಸಿ ನೋಡಿದ. ಅಮೆರಿಕದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸ್ಯಾನ್‌ಫರ್ಡ್ ಮಾಸ್ 1918ರಲ್ಲಿ ಲಿಬರ್ಟಿ ಎಂಬ ಹನ್ನೆರಡು ಸಿಲಿಂಡರಿನ ಇಂಜಿನ್ನನ್ನು ಲಾರಿಯಲ್ಲಿ ಹೇರಿಕೊಂಡು ಕೊಲರಾಡೊದ ಪೈಕ್ಸ್ ಪೀಕ್ ಎಂಬ 14,000 ಅಡಿಗೂ ಎತ್ತರದ ಬೆಟ್ಟದ ನೆತ್ತಿಗೆ ಹೋದ. ತಗ್ಗಿನಲ್ಲಿ ಸುಮಾರು 350 ಅಶ್ವಶಕ್ತಿ ಕೊಡುತ್ತಿದ್ದ ಇಂಜಿನ್ನು ಅಲ್ಲಿ ಸುಮಾರು 230ಕ್ಕೆ ಇಳಿಯಿತು. ಟರ್ಬೊ ಹಚ್ಚಿದ ಮೇಲೆ ಮತ್ತೆ 350 ದಾಟಿತು. ಬೆಟ್ಟ ಕಿತ್ತುಕೊಂಡದ್ದನ್ನು ಟರ್ಬೊ ಮರಳಿಸಿತ್ತು. 1920ರ ಫೆಬ್ರವರಿಯಲ್ಲಿ ಇಂಥ ಟರ್ಬೊ ಇದ್ದ ವಿಮಾನದಲ್ಲಿ ಮೇಜರ್ ರುಡಾಲ್ಫ್ ಶ್ರೋಡರ್ 33,000 ಅಡಿ ದಾಟಿ ದಾಖಲೆ ಮಾಡಿದ. ಇಂಜಿನ್ನಿಗೆ ಗಾಳಿ ಸಾಕಾಯಿತು, ಮನುಷ್ಯನಿಗೆ ಸಾಲಲಿಲ್ಲ. ಆಮ್ಲಜನಕ ಮುಗಿದು ಶ್ರೋಡರ್ ಪ್ರಜ್ಞೆ ತಪ್ಪಿದ, ವಿಮಾನ ಮೈಲಿಗಟ್ಟಲೆ ಕೆಳಗುರುಳಿತು. ಕೊನೆಯ ಗಳಿಗೆಯಲ್ಲಿ ಎಚ್ಚರಗೊಂಡು ಹೇಗೋ ನೆಲ ಮುಟ್ಟಿದ.

ಪೈಕ್ಸ್ ಪೀಕಿನ ಲೆಕ್ಕ ನಮಗೂ ದೂರದ್ದಲ್ಲ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿಯ ಗಾಳಿಯ ಒತ್ತಡ ಮಂಗಳೂರಿನದಕ್ಕಿಂತ ಶೇಕಡ 10ರಷ್ಟು ಕಡಿಮೆ. ಟರ್ಬೊ ಇಲ್ಲದ ಇಂಜಿನ್ನು ಘಾಟಿ ಹತ್ತುತ್ತ ಹತ್ತುತ್ತ ಸುಂಕ ಕೊಡುತ್ತಲೇ ಹೋಗುತ್ತದೆ. ಟರ್ಬೊ ಇದ್ದದ್ದು ಆ ಸುಂಕವನ್ನು ಮರಳಿ ಪಡೆಯುತ್ತದೆ, ಒತ್ತಿದ ಗಾಳಿ ದಾರಿಯಲ್ಲಿ ಸೋರದಿದ್ದರೆ.

ಟರ್ಬೊ ಮಾರುಕಟ್ಟೆಯ ಕಾರಿಗೆ ಬಂದದ್ದು 1962ರಲ್ಲಿ, ಅಮೆರಿಕದಲ್ಲಿ. ಮೊದಲ ಎರಡು ಕಾರುಗಳಲ್ಲಿ ಒಂದು ಓಲ್ಡ್ಸ್‌ಮೊಬಿಲ್ ಜೆಟ್‌ಫೈರ್. ಒತ್ತಿದ ಗಾಳಿ ಬಿಸಿಯಾಗಿ ಸಿಲಿಂಡರಿನಲ್ಲಿ ಇಂಧನ ಹೊತ್ತಿಗೆ ಮುಂಚೆ ಸಿಡಿಯದಿರಲಿ ಎಂದು ಅದರಲ್ಲಿ ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಸಣ್ಣಗೆ ಚಿಮುಕಿಸುತ್ತಿದ್ದರು. ಅದಕ್ಕೆ ‘ಟರ್ಬೊ ರಾಕೆಟ್ ಫ್ಲೂಯಿಡ್’ ಎಂಬ ಭರ್ಜರಿ ಹೆಸರು. ದ್ರವ ಮುಗಿದರೆ ಒಳಗಿನ ಕವಾಟವೊಂದು ಒತ್ತಡವನ್ನು ತಗ್ಗಿಸಿ ಇಂಜಿನ್ನನ್ನು ಕಾಯುತ್ತಿತ್ತು. ಅನೇಕ ಮಾಲೀಕರು ಪೆಟ್ರೋಲ್ ಹಾಕಿಸಿದರು, ದ್ರವ ಹಾಕಿಸಲು ಮರೆತರು. ಕಾರು ಸೊರಗಿತು. ದೂರು ಬಂದದ್ದು ಮಾತ್ರ ಟರ್ಬೊ ಮೇಲೆ. ಎರಡು ವರ್ಷದಲ್ಲಿ ಹತ್ತು ಸಾವಿರಕ್ಕೂ ಕಡಿಮೆ ಕಾರು ತಯಾರಾಗಿ ಆ ಮಾದರಿ ನಿಂತುಹೋಯಿತು. ಮುಂದೆ ಕಂಪನಿಯೇ ಟರ್ಬೊ ಕಿತ್ತು ಸಾಮಾನ್ಯ ಕಾರ್ಬ್ಯುರೇಟರ್ ಹಾಕಿಕೊಡತೊಡಗಿತು. ಜೆಟ್‌ಫೈರಿಗೆ ಬೇರೆ ತೊಂದರೆಗಳೂ ಇದ್ದವು, ನಿಜ. ಆದರೂ ಖಾಲಿ ಬಾಟಲಿಯ ತಪ್ಪನ್ನು ಟರ್ಬೊ ಹೊತ್ತ ಈ ಪ್ರಸಂಗ ಓದಿದಾಗ ನನಗೆ ಆ ಮೊದಲ ಗ್ಯಾರೇಜಿನ ಎರಡು ನಿಮಿಷ ನೆನಪಾಯಿತು.

ಸೋರಿಕೆ ಎಲ್ಲ ಕಾಲಕ್ಕೂ ಕೆಟ್ಟದ್ದೇ ಎಂದೇನೂ ಅಲ್ಲ. ಟರ್ಬೊ ಮಿತಿ ಮೀರಿ ತಿರುಗದಂತೆ ಹೊಗೆಯ ಒಂದು ಪಾಲನ್ನು ಪಕ್ಕದ ದಾರಿಗೆ ಬಿಡುವ ಕವಾಟಕ್ಕೆ ವೇಸ್ಟ್‌ಗೇಟ್ ಎನ್ನುತ್ತಾರೆ. ಅದು ಬೇಕೆಂದೇ ಇಟ್ಟ ಸೋರಿಕೆ. ಫಾರ್ಮುಲಾ ಒನ್ ರೇಸಿಗೆ 1977ರಲ್ಲಿ ರೆನೊ ಕಂಪನಿ ಟರ್ಬೊ ಕಾರು ತಂದಾಗ, ಪದೇಪದೇ ಹೊಗೆಯುಗುಳಿ ನಿಲ್ಲುತ್ತಿದ್ದ ಅದನ್ನು ‘ಹಳದಿ ಚಹಾ ಕೆಟಲು’ ಎಂದು ನಕ್ಕಿದ್ದರು. 1979ರಲ್ಲಿ ಫ್ರಾನ್ಸಿನ ದಿಜೋನ್‌ನಲ್ಲಿ ಅದೇ ತಂಡ ಗೆದ್ದ ಮೇಲೆ ನಗು ನಿಂತಿತು. ಕೆಲವೇ ವರ್ಷಗಳಲ್ಲಿ ಎಲ್ಲರಿಗೂ ಟರ್ಬೊ ಬೇಕಾಯಿತು, ಶಕ್ತಿ ಅಂಕೆ ಮೀರಿ ಬೆಳೆಯಿತು. ಆಗ ನಿಯಮ ಮಾಡುವವರು 1987ರಲ್ಲಿ ಪ್ರತಿ ಟರ್ಬೊ ಇಂಜಿನ್ನಿಗೂ ಒಂದು ಕವಾಟವನ್ನು ಕಡ್ಡಾಯ ಮಾಡಿದರು. ಒತ್ತಡ 4 ಬಾರ್ ಮುಟ್ಟಿದರೆ ಅದು ಬಾಯಿ ತೆರೆದು ಗಾಳಿ ಬಿಟ್ಟುಬಿಡುತ್ತಿತ್ತು. 1988ಕ್ಕೆ ಆ ಮಿತಿಯನ್ನು 2.5 ಬಾರಿಗೆ ಇಳಿಸಿದರು. ಆ ವರ್ಷವೂ ಹೋಂಡಾ ಟರ್ಬೊ ಇದ್ದ ಮೆಕ್‌ಲಾರೆನ್ ಕಾರುಗಳು 16ರಲ್ಲಿ 15 ರೇಸ್ ಗೆದ್ದವು. 1989ರಿಂದ ಟರ್ಬೊಗೇ ನಿಷೇಧ ಬಂತು. ಎಲ್ಲಿ, ಎಷ್ಟು, ಯಾರ ಇಚ್ಛೆಯಿಂದ ಸೋರುತ್ತಿದೆ ಎಂಬುದು ಗೊತ್ತಿದ್ದರೆ ಸೋರಿಕೆಯೂ ಒಂದು ಉಪಕರಣ. ಗೊತ್ತಿಲ್ಲದೆ ಸೋರುವುದೇ ತೊಂದರೆ.

ಆ ಗೊತ್ತಿಲ್ಲದ ಸೋರಿಕೆಯನ್ನು ಹುಡುಕುವ ವಿದ್ಯೆಗೂ ತನ್ನದೇ ಚರಿತ್ರೆಯಿದೆ. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ಮನೆಯ ಚರಂಡಿ ಕೊಳವೆಗಳಿಂದ ಬರುವ ಕೆಟ್ಟ ಗಾಳಿಯೇ ರೋಗ ತರುತ್ತದೆಂಬ ಭಯವಿತ್ತು. ಕೊಳವೆಗಳಿಗೆ ಹೊಗೆ ತುಂಬಿ ಎಲ್ಲಿ ಹೊರಬರುತ್ತದೆಂದು ನೋಡುತ್ತಿದ್ದರು. ಇಲ್ಲವೇ ಮೇಲಿನಿಂದ ಪುದೀನ ಜಾತಿಯ ಪೆಪ್ಪರ್‌ಮಿಂಟ್ ಎಣ್ಣೆಯನ್ನು ಬಿಸಿನೀರಿನ ಜತೆ ಸುರಿದು ಮನೆಯೊಳಗೆ ಮೂಸುತ್ತಿದ್ದರು. ಎಣ್ಣೆ ಸುರಿದವನು ಮಾತ್ರ ಒಳಗೆ ಬರುವ ಹಾಗಿಲ್ಲ, ಅವನ ಕೈಯ ವಾಸನೆಯೇ ಪರೀಕ್ಷೆ ಕೆಡಿಸುತ್ತಿತ್ತು. ಇಂದಿನ ದೊಡ್ಡ ಗ್ಯಾರೇಜುಗಳಲ್ಲಿ ಇಂಜಿನ್ನಿನ ಗಾಳಿಕೊಳವೆಗೆ ಹೊಗೆ ಬಿಟ್ಟು ನೋಡುವ ಯಂತ್ರ ಆ ಚರಂಡಿ ಪರೀಕ್ಷೆಯ ದೂರದ ಮೊಮ್ಮಗ.

ನಮ್ಮ ದೇಶದಲ್ಲಿ ಈ ವಿದ್ಯೆ ಕಾರಿಗಿಂತ ಮುಂಚೆ ರೈಲಿಗೆ ಬಂತು. 1962ರಿಂದ ಅಮೆರಿಕದ ಆಲ್ಕೊ ಕಂಪನಿಯ ಎಂಜಿನ್ನುಗಳು ಬಂದವು. ಮುಂದೆ ವಾರಾಣಸಿಯಲ್ಲೇ ತಯಾರಾಗತೊಡಗಿದ ಡಬ್ಲ್ಯುಡಿಎಂ-2 ಎಂಬ ಈ 2600 ಅಶ್ವಶಕ್ತಿಯ ಡೀಸೆಲ್ ಎಂಜಿನ್ನುಗಳಿಗೆ ಟರ್ಬೊ ಇತ್ತು. ನಿಲ್ದಾಣ ಬಿಡುವಾಗ ಅವು ಉಗುಳುತ್ತಿದ್ದ ಕಪ್ಪು ಹೊಗೆಯನ್ನು ನನ್ನ ವಯಸ್ಸಿನವರು ಮರೆತಿರಲಾರರು. ಡೀಸೆಲ್ ಬೇಗ ಬಂದು ಟರ್ಬೊ ಗಾಳಿ ತಡವಾಗಿ ಬಂದಾಗ ಆಗುವುದು ಹಾಗೆಯೇ. ಹುಬ್ಬಳ್ಳಿ, ಕೃಷ್ಣರಾಜಪುರದಂಥ ಡೀಸೆಲ್ ಶೆಡ್ಡುಗಳಲ್ಲಿ ಎಂಜಿನ್ನನ್ನು ನಿಂತಲ್ಲೇ ‘ಲೋಡ್ ಬಾಕ್ಸ್’ಗೆ ಜೋಡಿಸುತ್ತಾರೆ. ಅದು ಉತ್ಪಾದಿಸುವ ವಿದ್ಯುತ್ತನ್ನು ಅಲ್ಲಿಯ ತಂತಿಗಳಲ್ಲಿ ಬಿಸಿಯಾಗಿ ಕಳೆಯುತ್ತ, ನಿಜವಾಗಿ ಗಾಡಿ ಎಳೆಯುವಷ್ಟು ಹೊರೆ ಕೊಡುತ್ತಾರೆ. ಟರ್ಬೊ ಒತ್ತಿದ ಗಾಳಿಯ ಒತ್ತಡ ಎಷ್ಟು ಬರುತ್ತಿದೆ ಎಂದು ಆಗ ನೋಡುತ್ತಾರೆ. ಹೊರೆ ಇಲ್ಲದೆ ಓಡುವ ಎಂಜಿನ್ನನ್ನು ಎಷ್ಟು ಹೊತ್ತು ನೋಡಿದರೂ ಅದು ತನ್ನ ರೋಗ ಹೇಳುವುದಿಲ್ಲ.

ಹಾಸನದ ಶೆಡ್ಡಿನಲ್ಲೂ ನಡೆದದ್ದು ಇದೇ ತತ್ವದ ಕೆಲಸ. ಇಂಜಿನ್ ನಿಲ್ಲಿಸಿ, ಗಾಳಿ ಫಿಲ್ಟರ್ ಆದ ಮೇಲಿನ ಹೋಸನ್ನು ಬಿಚ್ಚಿ, ಟರ್ಬೊದ ಬಾಯಿಗೆ ಆ ಪಿವಿಸಿ ಮುಚ್ಚಳವನ್ನು ಕ್ಲಿಪ್ಪು ಹಾಕಿ ಬಿಗಿದರು. ವಾಲ್ವಿಗೆ ಟಯರಿಗೆ ಗಾಳಿ ಹಿಡಿಯುವ ಪೈಪು ಸಿಕ್ಕಿಸಿ ನಿಧಾನಕ್ಕೆ ಗಾಳಿ ಬಿಟ್ಟರು. “ಹದಿನೈದು ಪೌಂಡು ಸಾಕು ಸರ್. ಜಾಸ್ತಿ ಹಾಕಿದ್ರೆ ಚೆನ್ನಾಗಿರೋ ಸೀಲೂ ಹೋಗುತ್ತೆ. ಮುಚ್ಚಳದ ಎದುರಿಗೆ ನಿಲ್ಬೇಡಿ, ಹಾರಿದ್ರೆ ಹಲ್ಲು ಹೋಗುತ್ತೆ” ಎಂದರು. ಮೊದಲು ಎಣ್ಣೆ ಹಾಕುವ ಬಾಯಿಯ ಕಡೆ ಬುಸ್ಸೆಂದು ಸದ್ದು ಬಂತು. ನಾನು ಸಿಕ್ಕಿತು ಎಂದುಕೊಂಡೆ. ಅವರು ತಲೆಯಾಡಿಸಿದರು. ಸಿಲಿಂಡರುಗಳಲ್ಲಿ ಯಾವುದೋ ಒಂದರ ಗಾಳಿಬಾಗಿಲು ತೆರೆದಿರುತ್ತದೆ, ಪಿಸ್ಟನ್ನಿನ ಪಕ್ಕದಿಂದ ಒಂದಿಷ್ಟು ಹೀಗೆ ಹೋಗುವುದು ಸಹಜ ಎಂದು ವಿವರಿಸಿ, ಸ್ಪ್ಯಾನರಿನಿಂದ ಇಂಜಿನ್ನನ್ನು ಸ್ವಲ್ಪ ತಿರುಗಿಸಿದರು. ಆ ಸದ್ದು ಕಡಿಮೆಯಾಯಿತು. ಆಗ ರೇಡಿಯೋ ಆರಿಸಲು ಹುಡುಗನಿಗೆ ಹೇಳಿ, ಎಲ್ಲರೂ ಸುಮ್ಮನೆ ನಿಂತು ಕಿವಿಗೊಟ್ಟೆವು.

ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಕಡೆಯಿಂದ ಬಹಳ ಸಣ್ಣ ಸದ್ದು. ಸೋಪಿನ ನೀರನ್ನು ಬ್ರಶ್ಶಿನಲ್ಲಿ ಹಚ್ಚುತ್ತ ಹೋದರು. ಒಂದು ಸಂದು, ಎರಡು ಸಂದು, ಏನಿಲ್ಲ. ಕೆಳಗಿನ ಹೋಸಿನ ಕ್ಲಿಪ್ಪಿನ ಮಗ್ಗುಲಲ್ಲಿ ನೊರೆ ಹೂಕೋಸಿನ ಹಾಗೆ ಉಬ್ಬಿತು. ಕ್ಲಿಪ್ಪು ಬಿಚ್ಚಿ ತೋರಿಸಿದರು. ಉಗುರಿನಷ್ಟುದ್ದದ ಸೀಳು. ಕೈಯಲ್ಲಿ ಹಿಡಿದಾಗ ತುಟಿ ಮುಚ್ಚಿಕೊಂಡಂತಿತ್ತು, ಬಗ್ಗಿಸಿದರೆ ಬಾಯಿ ಬಿಡುತ್ತಿತ್ತು. ಸಮತಟ್ಟಿನಲ್ಲಿ ಕಾರು ಚೆನ್ನಾಗಿ ಓಡುತ್ತಿದ್ದದ್ದು, ಏರಿನಲ್ಲಿ ಬಸವಳಿಯುತ್ತಿದ್ದದ್ದು ಏಕೆಂದು ಆಗ ಅರ್ಥವಾಯಿತು. ಹೋಸು, ಎರಡು ಕ್ಲಿಪ್ಪು, ಕೂಲಿ ಎಲ್ಲ ಸೇರಿ ಎರಡು ಸಾವಿರ ರೂಪಾಯಿಯೊಳಗೆ ಮುಗಿಯಿತು.

“ಹಾಗಾದ್ರೆ ಅವರು ಸುಳ್ಳು ಹೇಳಿದ್ರಾ?” ಎಂದು ಕೇಳಿದೆ. “ಸುಳ್ಳಲ್ಲ ಸರ್. ಟರ್ಬೊ ಹೋದ್ರೂ ಹಿಂಗೇ ಆಗುತ್ತೆ. ಆದ್ರೆ ಇದನ್ನ ಹಿಂಗೇ ಓಡಿಸಿದ್ರೆ ಸೋರಿದ್ದನ್ನ ತುಂಬಿಸೋಕೆ ಅಂತ ಟರ್ಬೊ ಇನ್ನೂ ಜೋರಾಗಿ ತಿರುಗಿ ನಿಜವಾಗ್ಲೂ ಹೋಗ್ತಿತ್ತು. ಹೊಸದು ಹಾಕಿಸಿದ್ರೂ ಅದೇ ಗತಿ” ಎಂದರು. ನಿಮಿಷಕ್ಕೆ ಲಕ್ಷ ಸುತ್ತು ದಾಟುವ ಒಂದು ಸೂಕ್ಷ್ಮ ಚಕ್ರ, ಉಗುರಿನಷ್ಟು ರಬ್ಬರಿನ ತಪ್ಪಿಗೆ ಜೀವ ತೇಯುತ್ತಿತ್ತು.

ಈಗ ಬಾಯ್ಲನ ಪಾಠ ಬಂದಾಗ ನಾನು ಪಂಕ್ಚರ್ ಅಂಗಡಿಯ ಬೋಗುಣಿಯಿಂದ ಶುರುಮಾಡುತ್ತೇನೆ, ಹಾಬ್ಸನನ್ನು ಆಮೇಲೆ ತರುತ್ತೇನೆ. ಹೋದ ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಹಾಬ್ಸ್ ಹೇಳಿದ್ದು ಸರೀನೇ ಅಲ್ವಾ ಸರ್? ಪಂಪು ಸೋರ್ತಾನೇ ಇತ್ತಲ್ಲ?”

ಸರಿಯೇ ಹೇಳಿದ್ದ ಎಂದೆ. ಎಲ್ಲಿ ಸೋರುತ್ತಿದೆ ಎಂದೂ ಹೇಳಿದ್ದ. ಆದರೆ ಪಂಪನ್ನು ಬಿಚ್ಚಿ ನೀರಿನಲ್ಲಿ ಮುಳುಗಿಸಿ ನೋಡಿದವನು ಬಾಯ್ಲ್.